ನೂರಹದಿನಾಲ್ಕು ದಿನ: ಗಾಜಾದ ಒಂದು ಅಪಹರಣ, ಮಾತಾಡಬಾರದವರೊಡನೆ ಆಡಿದ ಮಾತು

2007ರಲ್ಲಿ ಗಾಜಾದಲ್ಲಿ ಬ್ರಿಟನ್ನಿನ ಪ್ರಸಾರ ಸಂಸ್ಥೆಯೊಂದರ ವರದಿಗಾರನನ್ನು ಅಪಹರಿಸಿ 114 ದಿನ ಕೂಡಿಹಾಕಿದ ಪ್ರಕರಣವಿದು. ಇದರಲ್ಲಿ ಆ ವರದಿಗಾರನ ಹೆಸರು, ಆತನ ಸಂಸ್ಥೆಯ ಹೆಸರು, ಅವನನ್ನು ಕೂಡಿಹಾಕಿದ್ದ ಮನೆತನದ ಹೆಸರು ಮೂರನ್ನೂ ಬಿಟ್ಟಿದೆ. ಗುಟ್ಟೆಂದಲ್ಲ, 2007ರ ಪತ್ರಿಕೆಗಳನ್ನು ಓದಿದವರಿಗೆ ಅವು ಗೊತ್ತೇ ಇವೆ. ಆದರೆ ಹೆಸರು ಬಂದ ಕೂಡಲೇ ಓದುಗರ ಗಮನವೆಲ್ಲ ಆ ಮನುಷ್ಯನ ಧೈರ್ಯದ ಕಡೆ ಹೋಗುತ್ತದೆ, ಸುತ್ತಲಿನವರು ಯಾವಾಗ ಯಾವ ತೀರ್ಮಾನ ತೆಗೆದುಕೊಂಡರು ಎಂಬುದು ಹಿಂದೆ ಸರಿಯುತ್ತದೆ. ಇಲ್ಲಿ ನೋಡಬೇಕಾದ್ದು ಆ ತೀರ್ಮಾನಗಳನ್ನು. ಸಾರ್ವಜನಿಕ ಹುದ್ದೆಯಲ್ಲಿದ್ದವರನ್ನು ಮಾತ್ರ ಹೆಸರಿಟ್ಟೇ ಕರೆದಿದೆ.

ಹಿನ್ನೆಲೆ

2006ರ ಜನವರಿ 25ರಂದು ಪ್ಯಾಲೆಸ್ಟೀನ್ ಶಾಸನ ಸಭೆಗೆ ಚುನಾವಣೆ ನಡೆಯಿತು. 132 ಸ್ಥಾನಗಳಲ್ಲಿ 74 ಇಸ್ಲಾಮಿ ಸಂಘಟನೆಯಾದ ಹಮಾಸ್ ಪಾಲಾದವು, 45 ಅಧ್ಯಕ್ಷ ಮಹಮೂದ್ ಅಬ್ಬಾಸ್‌ರ ಪಕ್ಷವಾದ ಫತಾಗೆ ಸಿಕ್ಕವು. ಐದು ದಿನ ಕಳೆಯುವಷ್ಟರಲ್ಲಿ ಅಮೆರಿಕ, ರಷ್ಯಾ, ಯುರೋಪಿಯನ್ ಒಕ್ಕೂಟ, ವಿಶ್ವಸಂಸ್ಥೆ ಸೇರಿದ ಕ್ವಾರ್ಟೆಟ್ ಮೂರು ಷರತ್ತು ಮುಂದಿಟ್ಟಿತು: ಹಿಂಸೆ ಕೈಬಿಡಬೇಕು, ಇಸ್ರೇಲನ್ನು ಮಾನ್ಯ ಮಾಡಬೇಕು, ಹಿಂದಿನ ಒಪ್ಪಂದಗಳಿಗೆ ಬದ್ಧವಾಗಿರಬೇಕು. ಹಮಾಸ್ ಒಪ್ಪಲಿಲ್ಲ. ಪಶ್ಚಿಮದ ಸರ್ಕಾರಗಳು ಹಣ ನಿಲ್ಲಿಸಿದವು, ಮಾತೂ ನಿಲ್ಲಿಸಿದವು.

ಆ ನಿಷೇಧದ ಅಳತೆ ಎಲ್ಲ ಕಡೆ ಒಂದೇ ಆಗಿರಲಿಲ್ಲ ಎಂಬುದನ್ನು ಮುಂದಿನ ಭಾಗಕ್ಕಾಗಿ ನೆನಪಿಡಬೇಕು. ಅಮೆರಿಕ 1997ರಲ್ಲೇ ಇಡೀ ಹಮಾಸನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತ್ತು. ಯುರೋಪಿಯನ್ ಒಕ್ಕೂಟ ಮೊದಲು ಸಶಸ್ತ್ರ ವಿಭಾಗವನ್ನು, 2003ರಲ್ಲಿ ಇಡೀ ಸಂಘಟನೆಯನ್ನು ಸೇರಿಸಿತು. ಬ್ರಿಟನ್ನಿನ ಸ್ವಂತ ಕಾನೂನು ಮಾತ್ರ 2001ರಿಂದಲೂ ಸಶಸ್ತ್ರ ವಿಭಾಗವಾದ ಅಲ್ ಕಸ್ಸಾಮ್ ಬ್ರಿಗೇಡನ್ನಷ್ಟೇ ನಿಷೇಧಿಸಿತ್ತು. ರಾಜಕೀಯ ವಿಭಾಗದೊಡನೆ ಮಾತಾಡದಿರುವುದು ಲಂಡನ್ನಿಗೆ ನೀತಿಯಾಗಿತ್ತೇ ಹೊರತು ಅದರ ನಿಷೇಧ ಕಾಯ್ದೆ ಹೇರಿದ ಕಟ್ಟಲ್ಲ. ನೀತಿಗೆ ವಿನಾಯಿತಿ ಕೊಡಲು ಒಂದು ಹೇಳಿಕೆ ಸಾಕು, ಕಾನೂನಿಗೆ ಸಾಲದು.

2007ರ ಫೆಬ್ರುವರಿ 8ರಂದು ಸೌದಿ ದೊರೆಯ ಮಧ್ಯಸ್ಥಿಕೆಯಲ್ಲಿ ಮೆಕ್ಕಾದಲ್ಲಿ ಹಮಾಸ್ ಮತ್ತು ಫತಾ ಕೈಕುಲುಕಿದವು. ಮಾರ್ಚ್ 17ರಂದು ಐಕ್ಯ ಸರ್ಕಾರ ಬಂತು. ಪ್ರಧಾನಿ ಹಮಾಸ್‌ನ ಇಸ್ಮಾಯಿಲ್ ಹನಿಯಾ, ಹಣಕಾಸು ಮಂತ್ರಿ ಯಾವ ಬಣಕ್ಕೂ ಸೇರದ ಸಲಾಂ ಫಯ್ಯಾದ್. ನಾರ್ವೆ ಈ ಸರ್ಕಾರವನ್ನು ಕೂಡಲೇ ಒಪ್ಪಿ ತನ್ನ ಉಪ ವಿದೇಶಾಂಗ ಸಚಿವನನ್ನು ಹನಿಯಾ ಬಳಿಗೆ ಕಳಿಸಿತು. ಇಸ್ರೇಲ್ ಆ ಉಪ ಸಚಿವನ ಜತೆಗಿನ ತನ್ನ ಭೇಟಿಗಳನ್ನು ರದ್ದುಮಾಡಿತು. ಬ್ರಿಟನ್ ನಡುದಾರಿ ಹಿಡಿಯಿತು: ಹಮಾಸೇತರ ಮಂತ್ರಿಗಳ ಜತೆ ಮಾತು, ಹಮಾಸ್ ಮಂತ್ರಿಗಳ ಜತೆ ಮೌನ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅಪಹರಣ ನಡೆದದ್ದು ಆ ಸರ್ಕಾರ ಪ್ರಮಾಣ ತೆಗೆದುಕೊಳ್ಳುವುದಕ್ಕೆ ಐದು ದಿನ ಮೊದಲು, ಮಾರ್ಚ್ 12ರ ಸೋಮವಾರ. ಬ್ರಿಟನ್ನಿನ ಪ್ರಸಾರ ಸಂಸ್ಥೆಯೊಂದರ ವರದಿಗಾರ ಗಾಜಾ ನಗರದ ಕಚೇರಿಯಿಂದ ಮನೆಗೆ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಬಂದೂಕುಧಾರಿಗಳು ಅಡ್ಡಹಾಕಿ ಎತ್ತಿಕೊಂಡು ಹೋದರು. ಆಗ ಗಾಜಾದಲ್ಲೇ ಮನೆಮಾಡಿಕೊಂಡಿದ್ದ ಪಶ್ಚಿಮದ ದೊಡ್ಡ ಸಂಸ್ಥೆಯ ವರದಿಗಾರ ಅವನೊಬ್ಬನೇ. ಮೂರು ವರ್ಷದ ಅವಧಿ ಮುಗಿಯಲು ಮೂರು ವಾರವೂ ಉಳಿದಿರಲಿಲ್ಲ.

ತೊಡಕು ಎಲ್ಲಿತ್ತು

ಗಾಜಾದಲ್ಲಿ ವಿದೇಶಿಯರ ಅಪಹರಣ ಹೊಸದಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಹಲವು ಬಾರಿ ಆಗಿತ್ತು. ಯಾವುದೋ ಮನೆತನಕ್ಕೆ ಪೊಲೀಸ್ ಇಲಾಖೆಯಲ್ಲಿ ನೌಕರಿ ಬೇಕು, ಯಾರದೋ ತಮ್ಮ ಜೈಲಿನಲ್ಲಿದ್ದಾನೆ. ಒಬ್ಬ ವಿದೇಶಿಯನ್ನು ಹಿಡಿದು, ಊಟ ಹಾಕಿ, ಕೆಲವು ಗಂಟೆಯಲ್ಲೋ ದಿನದಲ್ಲೋ ಬಿಡುವುದು ರೂಢಿ. ಪತ್ರಕರ್ತರ ಮಟ್ಟಿಗೆ ಅತಿ ದೀರ್ಘದ್ದು 2006ರ ಆಗಸ್ಟಿನಲ್ಲಿ ಅಮೆರಿಕದ ಚಾನೆಲೊಂದರ ಇಬ್ಬರದು, 13 ದಿನ. ಹಾಗಾಗಿ ಮೊದಲ ವಾರ ಎಲ್ಲರ ಲೆಕ್ಕವೂ ಆ 13ರ ಸುತ್ತಲೇ ಇತ್ತು. ಆ ಗಡಿ ದಾಟಿದ ಮೇಲೆ ಹಳೆಯ ಲೆಕ್ಕ ಕೆಲಸಕ್ಕೆ ಬಾರದಾಯಿತು.

ಹಿಡಿದವರು ಜೈಶ್ ಅಲ್ ಇಸ್ಲಾಂ ಎಂಬ ಸಣ್ಣ ಗುಂಪು. ಗಾಜಾ ನಗರದ ಸಬ್ರಾ ಬಡಾವಣೆಯ ಒಂದು ಬಲಿಷ್ಠ, ಕೈತುಂಬ ಆಯುಧವಿದ್ದ ಮನೆತನವೇ ಅದರ ಬೆನ್ನೆಲುಬು. ಇಲ್ಲಿದೆ ಗಂಟು: 2006ರ ಜೂನ್ 25ರಂದು ಇಸ್ರೇಲಿ ಸೈನಿಕ ಗಿಲಾದ್ ಶಾಲಿತ್‌ನನ್ನು ಗಡಿಯಾಚೆಯಿಂದ ಹಿಡಿದು ತಂದ ಕಾರ್ಯಾಚರಣೆಯಲ್ಲಿ ಹಮಾಸ್ ಜತೆ ಇದೇ ಗುಂಪೂ ಪಾಲುದಾರ. ವರ್ಷ ತುಂಬುವ ಮೊದಲೇ ಮನೆತನಕ್ಕೂ ಹಮಾಸ್‌ಗೂ ಹಗೆ ಬೆಳೆದಿತ್ತು. ನಿನ್ನೆಯ ಜೊತೆಗಾರ ಇಂದಿನ ವೈರಿ, ಆದರೆ ನಿನ್ನೆಯ ಗುಟ್ಟುಗಳೆಲ್ಲ ಅವನಿಗೆ ಗೊತ್ತು. ಮೇ ತಿಂಗಳಲ್ಲಿ ಗುಂಪು ಧ್ವನಿಮುದ್ರಿಕೆಯೊಂದನ್ನು ಹೊರಬಿಟ್ಟಿತು, ಜತೆಗೆ ವರದಿಗಾರನ ಗುರುತಿನ ಚೀಟಿಯ ಚಿತ್ರ. ಬೇಡಿಕೆ ಗಾಜಾಗೆ ಸಂಬಂಧಪಟ್ಟದ್ದೇ ಅಲ್ಲ: ಬ್ರಿಟನ್ನಿನ ಜೈಲಿನಲ್ಲಿದ್ದ ಮೌಲ್ವಿ ಅಬು ಕತಾದಾ ಬಿಡುಗಡೆಯಾಗಬೇಕು. ನೌಕರಿ ಕೊಡಿಸಿ ಮುಗಿಸುವ ವ್ಯವಹಾರ ಇದಾಗಿರಲಿಲ್ಲ.

ಹೀಗೆ ಅಪಹರಣಕಾರರೊಡನೆ ನೇರ ಮಾತಿಗೆ ದಾರಿಯಿಲ್ಲ, ಅವರ ಬಡಾವಣೆಗೆ ಕಾಲಿಡುವ ತಾಕತ್ತಿದ್ದದ್ದು ಹಮಾಸ್‌ಗೆ, ಹಮಾಸ್ ಜತೆ ಮಾತಾಡುವುದಿಲ್ಲ ಎಂಬುದು ಬ್ರಿಟನ್ನಿನ ನೀತಿ. ಅಧ್ಯಕ್ಷ ಮಹಮೂದ್ ಅಬ್ಬಾಸ್ ಜತೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಆದರೆ ಸಬ್ರಾದಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ತೀರ್ಮಾನ ಪ್ರಸಾರ ಸಂಸ್ಥೆಯದು: ಸುಮ್ಮನಿರುವುದೋ, ಸದ್ದು ಮಾಡುವುದೋ? ಅಪಹರಣ ಪ್ರಕರಣಗಳಲ್ಲಿ ಎರಡೂ ಪಂಥಗಳಿವೆ. ಸದ್ದು ಮಾಡಿದರೆ ಒತ್ತೆಯಾಳಿನ ಬೆಲೆ ಏರುತ್ತದೆ, ಹಿಡಿದವರು ಹೆಚ್ಚು ಕೇಳುತ್ತಾರೆ ಎನ್ನುವವರು ಸುದ್ದಿಯನ್ನೇ ತಡೆಹಿಡಿಯುತ್ತಾರೆ. ನಂತರದ ವರ್ಷಗಳಲ್ಲಿ ಅಫ್ಘಾನಿಸ್ತಾನ, ಸಿರಿಯಾಗಳಲ್ಲಿ ಹಾಗೆ ತಡೆಹಿಡಿದ ಉದಾಹರಣೆಗಳು ಬೇಕಾದಷ್ಟಿವೆ. ಇಲ್ಲಿ ತಡೆಹಿಡಿಯುವ ಆಯ್ಕೆಯೇ ಇರಲಿಲ್ಲ, ನಡುಬೀದಿಯ ಅಪಹರಣ ಅದೇ ದಿನ ಜಗಜ್ಜಾಹೀರಾಗಿತ್ತು. ಸಂಸ್ಥೆ ಸದ್ದಿನ ದಾರಿ ಹಿಡಿಯಿತು. ಆದರೆ ಆ ಸದ್ದು ಯಾರ ಕಿವಿಗೆ ಎಂಬುದರಲ್ಲಿ ಜಾಣತನವಿತ್ತು. ಲಂಡನ್ನಿನ ಮೇಣದಬತ್ತಿ ಸಭೆಗಳು ಸಬ್ರಾಕ್ಕೆ ತಲುಪುವುದಿಲ್ಲ. ಅರಬ್ಬಿ ಭಾಷೆಯ ಮಾತು ತಲುಪುತ್ತದೆ. ಏಪ್ರಿಲ್ 12ರಂದು ಸಂಸ್ಥೆ ತನ್ನ ಪ್ರತಿಸ್ಪರ್ಧಿಗಳಾದ ಸ್ಕೈ ಮತ್ತು ಅಲ್ ಜಜೀರಾ ಜತೆ ಸೇರಿ ಏಕಕಾಲಕ್ಕೆ ಕಾರ್ಯಕ್ರಮ ಪ್ರಸಾರ ಮಾಡಿತು. ಹಿಡಿದವರ ನೆರೆಹೊರೆ ನೋಡುವ ಚಾನೆಲ್ ಅಲ್ ಜಜೀರಾ. 'ನಮ್ಮ ಕಥೆಯನ್ನು ಹೊರಗೆ ಹೇಳುತ್ತಿದ್ದವನನ್ನು ನಮ್ಮವರೇ ಹಿಡಿದಿದ್ದಾರೆ' ಎಂಬ ನಾಚಿಕೆ ಗಾಜಾದೊಳಗೆ ಹುಟ್ಟಬೇಕಿತ್ತು, ಹುಟ್ಟಿತು ಕೂಡ. ಅಂತರ್ಜಾಲದ ಮನವಿಗೆ ಎರಡು ಲಕ್ಷದ ಆಸುಪಾಸು ಸಹಿ ಬಂದವು. ಅದಕ್ಕಿಂತ ತೂಕದ್ದು ಪ್ಯಾಲೆಸ್ಟೀನ್ ಪತ್ರಕರ್ತರ ಪ್ರತಿಭಟನೆ. ಏಪ್ರಿಲ್ ಆರಂಭದಲ್ಲಿ ಅವರು ಕೆಲಸ ನಿಲ್ಲಿಸಿದರು, ತಮ್ಮದೇ ಸರ್ಕಾರದ ಸುದ್ದಿಗೆ ಬಹಿಷ್ಕಾರ ಹಾಕಿದರು. ತಿಂಗಳೂ ತುಂಬದ ಐಕ್ಯ ಸರ್ಕಾರಕ್ಕೆ ಇದು ಮುಜುಗರ ತಂದಿತು. ಬೀಗದ ಕೈ ಆ ಸರ್ಕಾರದ ಬಳಿ ಇರಲಿಲ್ಲ ಎಂಬುದು ಬೇರೆ ಮಾತು.

ಸದ್ದಿಗೆ ಯಾರೂ ಎಣಿಸದ ಇನ್ನೊಂದು ಉಪಯೋಗವಾಯಿತು. ಕೆಲವು ವಾರಗಳ ನಂತರ ಒತ್ತೆಯಾಳಿಗೆ ರೇಡಿಯೊ ಸಿಕ್ಕಿತ್ತು. ತನ್ನ ಸಂಸ್ಥೆಯದೇ ಬಾನುಲಿಯಲ್ಲಿ ತನಗಾಗಿ ನಡೆಯುತ್ತಿದ್ದ ಚಳವಳಿಯನ್ನು ಕತ್ತಲೆ ಕೋಣೆಯಲ್ಲಿ ಕೂತು ಅವನು ಕೇಳಿಸಿಕೊಳ್ಳುತ್ತಿದ್ದ.

ಎರಡನೆಯದು ರಾಜತಾಂತ್ರಿಕ ಹೆಜ್ಜೆ. ಏಪ್ರಿಲ್ ಮೊದಲ ವಾರ ಜೆರುಸಲೇಮಿನ ಬ್ರಿಟಿಷ್ ಕಾನ್ಸಲ್ ಜನರಲ್ ರಿಚರ್ಡ್ ಮೇಕ್‌ಪೀಸ್ ಗಾಜಾಕ್ಕೆ ಹೋಗಿ ಹನಿಯಾರನ್ನು ಮುಖಾಮುಖಿ ಕಂಡರು. ನೀತಿ ಮುರಿಯದೆ ನೀತಿಯೊಳಗೆ ಕಿಂಡಿ ಕೊರೆಯುವ ಕಸುಬು ಹೇಗಿರುತ್ತದೆ ಎಂಬುದಕ್ಕೆ ಈ ಭೇಟಿ ಒಳ್ಳೆಯ ಮಾದರಿ. ವಿಷಯ ಒಂದೇ: ವರದಿಗಾರನ ಬಿಡುಗಡೆ. ನೆರವು, ಗಡಿ, ಮಾನ್ಯತೆ, ಮತ್ತೊಂದು ಯಾವುದೂ ಇಲ್ಲ. ಹೋದವರು ಮಂತ್ರಿಯಲ್ಲ, ಲಂಡನ್ನಿನ ವಿಶೇಷ ದೂತರೂ ಅಲ್ಲ. ಆ ಪ್ರದೇಶದಲ್ಲಿ ಬ್ರಿಟಿಷ್ ಪ್ರಜೆಗಳ ಕ್ಷೇಮ ನೋಡಿಕೊಳ್ಳುವುದೇ ಕೆಲಸವಾದ ಅಧಿಕಾರಿ. ಭೇಟಿಯನ್ನು ಮುಚ್ಚಿಡದೆ ಹೇಳಿಕೊಂಡರು, ಹೇಳುವಾಗಲೇ ಇದು ನೀತಿಯ ಬದಲಾವಣೆಯಲ್ಲ ಎಂದೂ ಸೇರಿಸಿದರು. ಗುಟ್ಟಾಗಿ ಹೋಗಿ ಸಿಕ್ಕಿಬಿದ್ದಿದ್ದರೆ ಅದೇ ಭೇಟಿ 'ಹಿಂಬಾಗಿಲ ಮಾತುಕತೆ' ಎಂಬ ಶೀರ್ಷಿಕೆಯಾಗುತ್ತಿತ್ತು.

ಹಮಾಸ್ ಕಡೆಯಿಂದ ನೋಡಿದರೆ ಬ್ರಿಟನ್ ಎಳೆದ ಈ ಗೆರೆಗಳಿಗೆಲ್ಲ ಅಷ್ಟು ಬೆಲೆಯಿರಲಿಲ್ಲ. ವರ್ಷದಿಂದ ಬಾಗಿಲು ಹಾಕಿಕೊಂಡಿದ್ದ ದೇಶದ ಪ್ರತಿನಿಧಿ ತಮ್ಮ ಪ್ರಧಾನಿಯ ಕಚೇರಿಗೆ ಬಂದು ಕೂತಿದ್ದೇ ಸುದ್ದಿ. ಈ ಒಬ್ಬ ಮನುಷ್ಯನ ಬಿಡುಗಡೆಗೆ ರಾಜಕೀಯ ಬೆಲೆಯಿದೆ ಎಂಬುದು ಅವರಿಗೆ ಅಂದೇ ಖಾತ್ರಿಯಾಗಿರಬೇಕು.

ಮೂರನೆಯ ಪರೀಕ್ಷೆ ಏಪ್ರಿಲ್ 15ರಂದು ಬಂತು. ಅದುವರೆಗೆ ಯಾರೂ ಕೇಳದ ಹೆಸರಿನ ಗುಂಪೊಂದು ವರದಿಗಾರನನ್ನು ಕೊಂದಿದ್ದೇವೆ ಎಂದು ಹೇಳಿಕೆ ಕಳಿಸಿತು. ದೇಹವಿಲ್ಲ, ವಿಡಿಯೊ ಇಲ್ಲ, ಹಿಡಿದವರು ತಾವೇ ಎಂಬುದಕ್ಕೆ ಪುರಾವೆಯೂ ಇಲ್ಲ. ಸುದ್ದಿಮನೆಗೆ ಇದು ಕಠಿಣ ಗಳಿಗೆ, ಅದರಲ್ಲೂ ಮನುಷ್ಯ ತನ್ನದೇ ಸಿಬ್ಬಂದಿಯಾದಾಗ. ಪ್ರಕಟಿಸದಿದ್ದರೆ ಬೇರೆಯವರು ಪ್ರಕಟಿಸುತ್ತಾರೆ; ಪ್ರಕಟಿಸಿದರೆ ತಂದೆತಾಯಿ ಮೊದಲು ಕೇಳುವುದು ಸುದ್ದಿಯಲ್ಲಿ. ಸಂಸ್ಥೆ ಅದನ್ನು ಹೇಳಿತು, ಆದರೆ ದೃಢಪಡದ ವದಂತಿ ಎಂಬ ಪದಗಳಲ್ಲಿ ಹೇಳಿತು. ನಾಲ್ಕು ದಿನದ ನಂತರ ಸಂಸ್ಥೆಯ ಮುಖ್ಯಸ್ಥ, ರಾಮಲ್ಲಾದಲ್ಲಿ ಅಬ್ಬಾಸ್‌ರನ್ನು ಕಂಡು ಬಂದವರು, ವರದಿಗಾರ ಬದುಕಿದ್ದಾನೆ ಎನ್ನಲು ನಂಬಲರ್ಹ ಪುರಾವೆಯಿದೆಯೆಂದು ಅಧ್ಯಕ್ಷರು ತಿಳಿಸಿದ್ದಾಗಿ ಹೇಳಿದರು. ಇಲ್ಲಿ 'ಯಾರು ಯಾರಿಗೆ ಹೇಳಿದರು' ಎಂಬ ಸರಪಳಿಯನ್ನು ಬಿಚ್ಚಿಟ್ಟದ್ದನ್ನು ಗಮನಿಸಬೇಕು. 'ಬದುಕಿದ್ದಾನೆ' ಎಂದು ಸಂಸ್ಥೆ ಹೇಳಲಿಲ್ಲ. ತನ್ನ ಸಾವಿನ ಸುದ್ದಿಯನ್ನು ಒತ್ತೆಯಾಳು ಅದೇ ರೇಡಿಯೊದಲ್ಲಿ ಕೇಳಿದ್ದ.

ಜೂನ್ 1ರಂದು ಮೊದಲ ವಿಡಿಯೊ ಬಂತು. ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಎಂದ ಆತ, ಬ್ರಿಟನ್ನಿನ ವಿದೇಶಾಂಗ ನೀತಿಯನ್ನೂ ದೂರಿದ. ಇಂಥ ಮಾತನ್ನು 'ವರದಿಗಾರ ಹೇಳಿದ' ಎಂದು ಬರೆಯುವುದು ತಪ್ಪು. ಬಂದೂಕಿನ ಮುಂದೆ ಕೂತವನ ಬಾಯಿಂದ ಬಂದದ್ದು ಬಂದೂಕು ಹಿಡಿದವರ ಹೇಳಿಕೆ. ವಾಕ್ಯದ ಕರ್ತೃ ಅವರೇ ಆಗಬೇಕು. ವಿಡಿಯೊದಿಂದ ಸುದ್ದಿಯಾಗಿ ಎತ್ತಿಕೊಳ್ಳಬಹುದಾದ್ದು ಎರಡೇ: ಅವನು ಬದುಕಿದ್ದಾನೆ, ಅವನ ಆರೋಗ್ಯ ಹೀಗಿದೆ.

ತಿರುವು: ಜೂನ್ 14

ಜೂನ್ ಎರಡನೇ ವಾರ ಹಮಾಸ್ ಮತ್ತು ಫತಾ ನಡುವೆ ಬೀದಿಕಾಳಗ ಶುರುವಾಯಿತು. 14ರ ಹೊತ್ತಿಗೆ ಗಾಜಾ ಪೂರ್ತಿ ಹಮಾಸ್ ಕೈಗೆ ಬಂತು. ಅದೇ ದಿನ ಅಬ್ಬಾಸ್ ಐಕ್ಯ ಸರ್ಕಾರವನ್ನು ವಜಾ ಮಾಡಿದರು, ಮೂರು ದಿನದಲ್ಲಿ ಫಯ್ಯಾದ್ ನೇತೃತ್ವದಲ್ಲಿ ಬೇರೆ ಸರ್ಕಾರ ಕಟ್ಟಿದರು.

ಒತ್ತೆಯಾಳಿನ ಮಟ್ಟಿಗೆ ಲೆಕ್ಕವೇ ತಲೆಕೆಳಗಾಯಿತು. ಮೊದಲು ಮೂರು ನಾಲ್ಕು ಬಣಗಳ ಪೈಪೋಟಿಯ ನಡುವೆ ಮನೆತನಕ್ಕೆ ಉಸಿರಾಡಲು ಜಾಗವಿತ್ತು. ಹಮಾಸ್ ಒತ್ತಿದರೆ ಫತಾ ಕಡೆ ವಾಲಬಹುದಿತ್ತು. ಈಗ ಬೀದಿಯಲ್ಲಿ ಒಂದೇ ಬಂದೂಕು. ಹಮಾಸ್‌ಗೂ ಹೊಸ ಅಗತ್ಯ ಹುಟ್ಟಿತ್ತು: ತಮ್ಮವರನ್ನೇ ಕಟ್ಟಡಗಳಿಂದ ಕೆಳಗೆಸೆದ ದೃಶ್ಯಗಳನ್ನು ನೋಡಿದ್ದ ಲೋಕಕ್ಕೆ 'ಗಾಜಾದಲ್ಲಿ ಈಗ ಶಿಸ್ತಿದೆ' ಎಂದು ತೋರಿಸುವುದು. ಅದಕ್ಕೆ ಈ ಬಿಡುಗಡೆಗಿಂತ ಒಳ್ಳೆಯ ಪುರಾವೆ ಯಾವುದಿತ್ತು?

ಇಲ್ಲಿಂದ ಮುಂದೆ ಹಮಾಸ್ ವಕ್ತಾರರು ಬಿಡುಗಡೆ ಹತ್ತಿರದಲ್ಲಿದೆ ಎನ್ನತೊಡಗಿದರು, ಗಡುವು ಕೊಟ್ಟರು, ಗಡುವು ಕಳೆಯಿತು. ಹಲವು ಸುದ್ದಿಮನೆಗಳು ಪ್ರತಿ ಬಾರಿಯೂ ಅದನ್ನು ತಲೆಬರಹ ಮಾಡಿ ಬೇಸ್ತುಬಿದ್ದವು. ಮಾತುಕತೆಯ ನಡುವೆ 'ಇನ್ನೇನು ಬಿಡುತ್ತಾರೆ' ಎಂಬ ಹೇಳಿಕೆ ಎದುರಾಳಿಯ ಮೇಲೆ ಒತ್ತಡ ಹಾಕುವ ಆಯುಧ. ಅದನ್ನು ಮಾಹಿತಿಯೆಂದು ಓದಿದವರು ಆ ಆಯುಧವನ್ನು ಹೊತ್ತು ಮುಟ್ಟಿಸಿದರು.

ಉತ್ತರ ಬೇಗ ಬಂತು. ಜೂನ್ 24ರ ರಾತ್ರಿಯ ಹೊತ್ತಿಗೆ ಹೊರಬಿದ್ದ ವಿಡಿಯೊದಲ್ಲಿ ವರದಿಗಾರನ ಎದೆಗೆ ಸ್ಫೋಟಕದ ಪಟ್ಟಿ. ಬಲ ಪ್ರಯೋಗಿಸಿದರೆ ಸಿಡಿಸುತ್ತಾರೆ ಎಂದು ಅವನ ಬಾಯಿಂದಲೇ ಹೇಳಿಸಿದ್ದರು. ನುಗ್ಗಿ ಬಿಡಿಸುವ ದಾರಿ ಅಲ್ಲಿಗೆ ಮುಚ್ಚಿತು.

ಹಮಾಸ್ ನುಗ್ಗಲಿಲ್ಲ, ಬಿಗಿಯಿತು. ಬಡಾವಣೆಯನ್ನು ಸುತ್ತುವರಿದು, ಎತ್ತರದ ಕಟ್ಟಡಗಳ ಮೇಲೆ ಬಂದೂಕುಧಾರಿಗಳನ್ನು ಕೂರಿಸಿತು. ಜುಲೈ ಆರಂಭದಲ್ಲಿ ಗುಂಪಿನ ವಕ್ತಾರನನ್ನೇ ಹಿಡಿದು ಒಳಗೆ ಹಾಕಿತು. ಅತ್ತ ಬೆದರಿಕೆ, ಇತ್ತ ಸಂಧಾನ: ಎರಡೂ ಕಡೆ ಸಲಿಗೆಯಿದ್ದ ಪಾಪ್ಯುಲರ್ ರೆಸಿಸ್ಟೆನ್ಸ್ ಕಮಿಟೀಸ್ ಮಧ್ಯಸ್ಥಿಕೆ ವಹಿಸಿತು, ಶಾಲಿತ್ ಅಪಹರಣದ ಮೂರನೇ ಪಾಲುದಾರ ಅದೇ ಸಂಘಟನೆ. ಧಾರ್ಮಿಕ ಮುಖಂಡರ ತೀರ್ಪೂ ಸೇರಿಕೊಂಡಿತು. ಸೋತೆವು ಎಂದು ಒಪ್ಪಿಕೊಳ್ಳಲಾಗದ ಮನೆತನಕ್ಕೆ 'ಧರ್ಮ ಹೇಳಿತು, ಬಿಟ್ಟೆವು' ಎಂಬ ಮೆಟ್ಟಿಲು ಬೇಕಿತ್ತು. ಜುಲೈ 4ರ ಬೆಳಗಿನ ಜಾವ ವರದಿಗಾರ ಹೊರಬಂದ. ಅಬು ಕತಾದಾ ಬ್ರಿಟನ್ನಿನ ಜೈಲಿನಲ್ಲೇ ಉಳಿದರು.

ಆಮೇಲಿನ ಆರು ಗಂಟೆ

ಪತ್ರಿಕೋದ್ಯಮದ ಕಣ್ಣಿಗೆ ಇಡೀ ಪ್ರಕರಣದಲ್ಲಿ ಹೆಚ್ಚು ಪಾಠವಿರುವುದು ಬಿಡುಗಡೆಯ ನಂತರದ ಆ ಬೆಳಗಿನಲ್ಲಿ.

114 ದಿನ ಸೆರೆಯಲ್ಲಿದ್ದ ಮನುಷ್ಯ ನೇರ ಜೆರುಸಲೇಮಿಗೆ ಹೋಗಲಿಲ್ಲ. ಮೊದಲು ಹೋದದ್ದು ಹನಿಯಾ ಮನೆಗೆ. ಕ್ಯಾಮೆರಾಗಳ ಮುಂದೆ ಮಾತು, ಜತೆಗೂಡಿ ಉಪಾಹಾರ, ಪತ್ರಿಕಾಗೋಷ್ಠಿ. ಆ ಚಿತ್ರ ಜಗತ್ತಿನ ಎಲ್ಲ ಮುಖಪುಟಗಳಿಗೂ ಹೋಯಿತು. ಮೂರು ವಾರದ ಹಿಂದಷ್ಟೇ ಗಾಜಾವನ್ನು ಬಲದಿಂದ ಕಬಳಿಸಿದ ಸಂಘಟನೆಗೆ ಇದಕ್ಕಿಂತ ದೊಡ್ಡ ಉಡುಗೊರೆ ಇರಲಿಲ್ಲ. ದಮಾಸ್ಕಸ್‌ನಿಂದ ಹಮಾಸ್‌ನ ಉನ್ನತ ನಾಯಕ ಖಾಲಿದ್ ಮಶಾಲ್, ಅರಾಜಕತೆಯಿದ್ದಲ್ಲಿ ಹಮಾಸ್ ಶಿಸ್ತು ತಂದಿದೆ ಎಂಬ ಧಾಟಿಯಲ್ಲಿ ಮಾತಾಡಿದರು. ಅಬ್ಬಾಸ್ ಆಪ್ತರೊಬ್ಬರು ಎದುರುವಾದ ಹೂಡಿದರು: ಇದು ಕಳ್ಳರೊಳಗಿನ ಜಗಳದ ಸಿನಿಮಾ, ಒಬ್ಬ ಈಗ ಒಳ್ಳೆಯವನ ವೇಷ ಹಾಕಿದ್ದಾನೆ ಎಂದು.

ಡೆಸ್ಕಿನಲ್ಲಿ ಕೂತವರು ಎದುರಿಸಿದ ಪ್ರಶ್ನೆಗಳು ಚಿಕ್ಕವು, ಆದರೆ ಜಾರುವಂಥವು. ಹನಿಯಾರನ್ನು ಏನೆಂದು ಕರೆಯುವುದು? ಏಪ್ರಿಲಿನಲ್ಲಿ ಕಾನ್ಸಲ್ ಕಂಡಾಗ ಅವರು ಪ್ರಧಾನಿ. ಜುಲೈನಲ್ಲಿ ಅಬ್ಬಾಸ್ ಪ್ರಕಾರ ವಜಾಗೊಂಡವರು, ತಮ್ಮ ಪ್ರಕಾರ ಈಗಲೂ ಪ್ರಧಾನಿ. 'ಪ್ರಧಾನಿ' ಎಂದು ಬರೆದರೆ ಒಂದು ಪಕ್ಷ, 'ಮಾಜಿ ಪ್ರಧಾನಿ' ಎಂದರೆ ಇನ್ನೊಂದು ಪಕ್ಷ. 'ಅಬ್ಬಾಸ್ ವಜಾ ಮಾಡಿರುವ, ಗಾಜಾದಲ್ಲಿ ಅಧಿಕಾರ ನಡೆಸುತ್ತಿರುವ' ಎಂದು ಎರಡು ತುಂಡು ಬರೆಯುವುದು ಉದ್ದವಾದರೂ ಅದೇ ನಿಜ. 'ಬಿಡಿಸಿದರು' ಎನ್ನುವುದೋ, 'ಬಿಟ್ಟರು' ಎನ್ನುವುದೋ? ಬಿಡಿಸಿದರು ಎಂದರೆ ಕೀರ್ತಿ ಹಮಾಸ್‌ಗೆ. ಬಿಟ್ಟರು ಎಂದರೆ ಮುತ್ತಿಗೆ ಮರೆಯಾಗುತ್ತದೆ. ಕನ್ನಡದ ಡೆಸ್ಕಿಗೆ ಇನ್ನೊಂದು ತಲೆನೋವು ಸದಾ ಇದೆ. ಏಜೆನ್ಸಿಯ ಪ್ರತಿಯಲ್ಲಿ ಹಮಾಸ್, ಫತಾ, ಜೈಶ್ ಬೇರೆ ಬೇರೆಯಾಗಿ ಬಂದರೂ ಅನುವಾದದಲ್ಲಿ ಎಲ್ಲರೂ 'ಉಗ್ರರು' ಆಗಿಬಿಡುತ್ತಾರೆ. ಈ ಸುದ್ದಿಯನ್ನು ಹಾಗೆ ಬರೆದರೆ 'ಉಗ್ರರ ಸೆರೆಯಿಂದ ಉಗ್ರರು ಬಿಡಿಸಿದರು' ಎಂದಾಗುತ್ತದೆ, ಓದುಗನಿಗೆ ಅರ್ಥವಾಗುವುದು ಸೊನ್ನೆ. ಬಣದ ಹೆಸರು ಹಾಕಿ, ಅದು ಏನೆಂಬುದಕ್ಕೆ ಅರ್ಧ ವಾಕ್ಯ ಖರ್ಚು ಮಾಡುವುದು ಬಿಟ್ಟು ಬೇರೆ ಉಪಾಯವಿಲ್ಲ.

ಲಂಡನ್ನಿನಲ್ಲಿ ಡೇವಿಡ್ ಮಿಲಿಬ್ಯಾಂಡ್ ವಿದೇಶಾಂಗ ಸಚಿವರಾಗಿ ಒಂದು ವಾರವೂ ಆಗಿರಲಿಲ್ಲ. ಅವರು ಅಬ್ಬಾಸ್ ಪಾತ್ರವನ್ನು ನೆನೆದರು. ಹನಿಯಾ ಮತ್ತು ಹಮಾಸ್ ಮುಖಂಡರ ಪಾತ್ರ ನಿರ್ಣಾಯಕವಾಗಿತ್ತು ಎಂಬುದನ್ನೂ ಬಾಯಿಬಿಟ್ಟು ಒಪ್ಪಿದರು. ಏಪ್ರಿಲಿನ ಭೇಟಿಯ ಲೆಕ್ಕ ಆ ಹೇಳಿಕೆಯಲ್ಲಿ ಚುಕ್ತಾ ಆಯಿತು. ಕೀರ್ತಿ ಕೊಟ್ಟರು, ಮಾನ್ಯತೆ ಕೊಡಲಿಲ್ಲ. ಮೂರು ಷರತ್ತು ಇದ್ದಲ್ಲೇ ಇದ್ದವು. ಇಂಥ ಕಡೆ ಸರ್ಕಾರಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತವೆ: ಸಹಾಯವನ್ನೇ ಅಲ್ಲಗಳೆದು ಮುಂದಿನ ಸಲದ ಬಾಗಿಲು ಮುಚ್ಚುತ್ತವೆ, ಇಲ್ಲವೇ ಕೃತಜ್ಞತೆಯ ಭರದಲ್ಲಿ ನೀತಿಯೇ ಬದಲಾದಂತೆ ಮಾತಾಡುತ್ತವೆ. ಇಲ್ಲಿ ಎರಡೂ ಆಗಲಿಲ್ಲ.

ಯಾವುದು ಫಲ ಕೊಟ್ಟಿತು

ಚಳವಳಿಯಿಂದ ಬಿಡುಗಡೆಯಾಯಿತು ಎನ್ನುವವರಿದ್ದಾರೆ, ಕಾನ್ಸಲ್ ಭೇಟಿಯಿಂದ ಎನ್ನುವವರೂ ಇದ್ದಾರೆ. ದಿನಾಂಕಗಳು ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಸಹಿ, ಸಭೆ, ಭೇಟಿ ಎಲ್ಲ ಮುಗಿದ ಮೇಲೂ ಎರಡು ತಿಂಗಳು ಅವನು ಒಳಗೇ ಇದ್ದ. ಬೀದಿ ಒಬ್ಬರ ಕೈಗೆ ಬಂದ ಮೂರು ವಾರಕ್ಕೆ ಹೊರಬಂದ. ಬಾಗಿಲು ತೆರೆದದ್ದು ಜೂನ್ 14. ಆದರೆ ಬೀದಿ ಕೈಗೆ ಬಂದ ಮೇಲೆ ಹಮಾಸ್ ಮೊದಲು ಕೈಹಾಕಿದ ಕೆಲಸಗಳಲ್ಲಿ ಇದೇಕೆ ಸೇರಿತು ಎಂದು ಕೇಳಿದರೆ, ಆ ಬೆಲೆ ಕಟ್ಟಿದ್ದು ಚಳವಳಿ ಮತ್ತು ಕಾನ್ಸಲ್ ಭೇಟಿ. ಸದ್ದು ಒತ್ತೆಯಾಳಿನ ಬೆಲೆ ಏರಿಸುತ್ತದೆ ಎಂಬ ಹಳೆಯ ಎಚ್ಚರಿಕೆ ಸುಳ್ಳಾಗಲಿಲ್ಲ. ಏರಿದ ಬೆಲೆ ಹಿಡಿದವರಿಗೆ ದಕ್ಕದೆ ಬಿಡಿಸಿದವರಿಗೆ ದಕ್ಕಿತು, ಅಷ್ಟೇ. ಬೀದಿಯಲ್ಲಿ ಇಬ್ಬರು ಮೂವರು ಬಲಿಷ್ಠರಿರುವ ಕಡೆ ಇದೇ ವಿಧಾನ ಹಿಡಿದರೆ ಫಲ ತಿರುವುಮುರುವಾಗಬಹುದು.

2007ರ ಆಗಸ್ಟಿನಲ್ಲಿ ಬ್ರಿಟನ್ ಸಂಸತ್ತಿನ ವಿದೇಶಾಂಗ ಸಮಿತಿ, ಹಮಾಸ್‌ನ ಮೃದು ಧೋರಣೆಯವರೊಡನೆ ಮಾತಾಡಬೇಕೆಂದು ವರದಿ ಕೊಟ್ಟಿತು. ಸರ್ಕಾರ ಒಪ್ಪಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಹಮಾಸ್ ಪೊಲೀಸರು ಅದೇ ಮನೆತನದ ಬಡಾವಣೆಗೆ ಈ ಬಾರಿ ನುಗ್ಗಿಯೇ ಬಿಟ್ಟರು; ಹತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಒಳಗೆ ವಿದೇಶಿ ಯಾರೂ ಇರಲಿಲ್ಲ, ಕ್ಯಾಮೆರಾಗಳೂ ಅಷ್ಟಾಗಿ ಬರಲಿಲ್ಲ. 2021ರ ನವೆಂಬರಿನಲ್ಲಿ ಬ್ರಿಟನ್ ಇಡೀ ಹಮಾಸನ್ನು ನಿಷೇಧಿಸಿತು. ಸಶಸ್ತ್ರ ವಿಭಾಗ ಬೇರೆ, ರಾಜಕೀಯ ವಿಭಾಗ ಬೇರೆ ಎಂದು ಅದರ ಕಾನೂನು ಇಟ್ಟುಕೊಂಡಿದ್ದ ಗೆರೆ ಅಳಿಸಿಹೋಯಿತು.

ಹನಿಯಾ ಮನೆಯ ಆ ಉಪಾಹಾರದ ದಿನ ಗಾಜಾದಲ್ಲಿ ಇನ್ನೊಬ್ಬ ಒತ್ತೆಯಾಳೂ ಇದ್ದ. ವರ್ಷ ದಾಟಿತ್ತು. ಅವನನ್ನು ಹಿಡಿದಿಟ್ಟುಕೊಂಡವರು ಹಮಾಸ್‌ನವರೇ. ಶಾಲಿತ್ ಮನೆಗೆ ಮರಳಿದ್ದು 2011ರ ಅಕ್ಟೋಬರ್ 18ರಂದು, 1,027 ಕೈದಿಗಳಿಗೆ ಬದಲಾಗಿ.